ಥ್ಯಾಂಕ್ಯೂ ಊರಿನಲ್ಲಿ ಎರಡು ತಿಂಗಳು

ಮಂಜಿನೂರು

ಆ ಊರಿಗೆ ಹೋದ ಮೊದಲ ಮೂರು ದಿನ ನಾನು ಊರನ್ನೇ ನೋಡಲಿಲ್ಲ. ಇಂಗ್ಲೆಂಡಿನ ಈಶಾನ್ಯದ ತುದಿಯಲ್ಲಿ, ನದಿಯೊಂದು ಸಮುದ್ರ ಸೇರುವ ಕಡೆ ಇರುವ ಸಣ್ಣ ಊರು ಅದು. ಸಮುದ್ರದಿಂದ ಎದ್ದು ಬಂದ ಮಂಜು ಸೇತುವೆ, ಚರ್ಚು, ಅಂಗಡಿ ಸಾಲು ಎಲ್ಲವನ್ನೂ ಮುಚ್ಚಿಕೊಂಡು ಕೂತಿತ್ತು. ಕಿಟಕಿ ತೆರೆದರೆ ಬಿಳುಪು, ಬಾಗಿಲು ತೆರೆದರೂ ಬಿಳುಪು. ಆ ಮಂಜಿನೊಳಗೆಲ್ಲೋ ಕಡಲಹಕ್ಕಿಗಳು ಎಳೆಮಕ್ಕಳ ಹಾಗೆ ಅಳುತ್ತಿದ್ದವು. ನಿದ್ದೆಗೆಟ್ಟ ತಲೆಗೆ ತಾನಿನ್ನೂ ತಲುಪಿಲ್ಲ, ಎಲ್ಲೋ ನಡುದಾರಿಯಲ್ಲಿ ತೇಲುತ್ತಿದ್ದೇನೆ ಎಂದೇ ಅನ್ನಿಸುತ್ತಿತ್ತು.

ನಾನು ಟಿ. ನರಸೀಪುರದ ಒಂದು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಹೆಸರು ನಂಜುಂಡಸ್ವಾಮಿ. ತೊಂಬತ್ತರ ದಶಕ ಮುಗಿಯುವ ವರ್ಷ, ಅಲ್ಲಿಯ ಮೇಷ್ಟ್ರುಗಳು ಇಲ್ಲಿಗೆ, ಇಲ್ಲಿಯವರು ಅಲ್ಲಿಗೆ ಹೋಗಿ ಎರಡು ತಿಂಗಳು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಬರುವ ಒಂದು ಯೋಜನೆಗೆ ಅದು ಹೇಗೋ ನನ್ನ ಹೆಸರು ಬಂತು. ಹದಿನೇಳು ವರ್ಷ ಇಂಗ್ಲಿಷ್ ಕಲಿಸಿದ್ದೆ. ಆದರೆ ಅದನ್ನು ಮನೆಮಾತಾಗಿ ಆಡುವವರನ್ನು ಒಂದು ದಿನವೂ ಹತ್ತಿರದಿಂದ ಕಂಡಿರಲಿಲ್ಲ. ದಡದಲ್ಲಿ ನಿಂತೇ ಈಜು ಕಲಿಸಿದ ಗಿರಾಕಿ ನಾನು.

ಹೊರಡುವ ಮುಂಚೆ ಅಕ್ಕನ ಗಂಡನ ಊರು ಕವಲಂದೆಗೆ ಹೋಗಿ ಅವಳಿಗೆ ಹೇಳಿ ಬಂದಿದ್ದೆ. ಅಕ್ಕ ಚಿಕ್ಕತಾಯಮ್ಮ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ನಮ್ಮ ಹುಟ್ಟೂರು ಸೋಸಲೆಯಲ್ಲಿ ನಮ್ಮವ್ವ ತೀರಿಕೊಂಡಾಗ ನನಗೆ ಏಳು ವರ್ಷ. ಅಲ್ಲಿಂದಾಚೆ ಅಕ್ಕನೇ ಅವ್ವ. ಇಂಗ್ಲೆಂಡ್ ಎಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ಉಣ್ಣಾಕ್ಕೆ ಯಾರಿಕ್ತಾರ್ಲಾ ನಿಂಗೆ?"

ನನಗೆ ಮದುವೆಯಾಗಿಲ್ಲ, ಅದು ಬೇರೆ ಕತೆ. ಒಲೆ ಹಚ್ಚಿ ಅಭ್ಯಾಸವಿಲ್ಲದೆ ಮೆಸ್ಸಿನ ಊಟದಲ್ಲೇ ಅರ್ಧ ಆಯಸ್ಸು ಕಳೆದವನು.

ಬಸ್ಸಿನಲ್ಲಿ

ನಾಲ್ಕನೆಯ ದಿನ ಮಂಜು ಸ್ವಲ್ಪ ಸರಿಯಿತು. ಶಾಲೆಗೆ ಹೋಗಲು ಬಸ್ಸು ಹತ್ತಿದೆ. ಕಂಡಕ್ಟರ್ ಇಲ್ಲ, ಡ್ರೈವರೇ ಟಿಕೆಟ್ ಕೊಡುತ್ತಾನೆ. ಒಬ್ಬಳು ಅಜ್ಜಿ ಇಳಿಯುವಾಗ ಡ್ರೈವರನ ಕಡೆ ತಿರುಗಿ "ಥ್ಯಾಂಕ್ಯೂ" ಎಂದಳು. ಪರಿಚಯದವರಿರಬೇಕು ಎಂದುಕೊಂಡೆ. ಮುಂದಿನ ಸ್ಟಾಪಿನಲ್ಲಿ ಶಾಲೆಯ ಹುಡುಗಿಯರು ಎಂಟು ಹತ್ತು ಜನ ಇಳಿದರು, ಒಬ್ಬೊಬ್ಬರೂ ಥ್ಯಾಂಕ್ಯೂ. ಅದರ ಮುಂದಿನ ಸ್ಟಾಪಿನಲ್ಲಿ ಕುಡಿದು ತೂರಾಡುತ್ತಿದ್ದ ಒಬ್ಬ ಇಳಿದ. ಮೆಟ್ಟಿಲು ತಪ್ಪಿದ, ಥ್ಯಾಂಕ್ಯೂ ತಪ್ಪಲಿಲ್ಲ.

ನಮ್ಮ ನಂಜನಗೂಡು–ನರಸೀಪುರದ ಬಸ್ಸು ನೆನಪಾಗಿ ನಗು ಬಂತು. ಅಲ್ಲಿ ಇಳಿಯುವಾಗ ಯಾರಾದರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿದರೆ ಆತ ಗಾಬರಿಯಾಗಿ, ಎಲ್ಲಿ ತಪ್ಪು ಮಾಡಿದೆನೋ ಎಂದು ಹಿಂತಿರುಗಿ ನೋಡುತ್ತಾನೆ. ನಮ್ಮಲ್ಲಿ ಇಳಿಯುವವರ ಮಾತು ಬೇರೆ. "ಓಲ್ಡಾನ್ ಕಣಪ್ಪಾ, ಕೂಸವ್ಳೆ, ನಿಧಾನ!" ಅಷ್ಟರಲ್ಲೇ ಎಲ್ಲ ಬಂತು.

ಈ ಥ್ಯಾಂಕ್ಯೂವನ್ನು ನಾನು ಹದಿನೇಳು ವರ್ಷ ಮಕ್ಕಳಿಗೆ ಉರು ಹೊಡೆಸಿದ್ದೆ. ನಮ್ಮ ಹುಡುಗರು ಅದನ್ನು ಎಷ್ಟು ಚೆನ್ನಾಗಿ ಕಲಿತಿದ್ದರೆಂದರೆ, ಬೆತ್ತದ ಏಟು ತಿಂದು ಕೈ ಉಜ್ಜಿಕೊಳ್ಳುತ್ತಲೂ "ಥ್ಯಾಂಕ್ಯೂ ಸಾ" ಎನ್ನುತ್ತಿದ್ದರು. ಆ ಮಾತನ್ನು ಉಸಿರಿನ ಹಾಗೆ ಆಡುವ ಊರಿದೆ ಎಂದು ನನಗೂ ಗೊತ್ತಿರಲಿಲ್ಲ. ಅಂಗಡಿಯಲ್ಲಿ ನಾನು ಕಾಸು ಕೊಟ್ಟರೆ ಆಕೆ ಥ್ಯಾಂಕ್ಯೂ, ಚಿಲ್ಲರೆ ತೆಗೆದುಕೊಂಡರೆ ನಾನು ಥ್ಯಾಂಕ್ಯೂ, ಚೀಲ ಕೊಟ್ಟು ಆಕೆ ಮತ್ತೆ ಥ್ಯಾಂಕ್ಯೂ. ಕೊನೆಯದು ಯಾರದ್ದಾಗಬೇಕು ಎಂದು ತಿಳಿಯದೆ ನಾನು ಬಾಗಿಲ ಹತ್ತಿರ ಹೋಗಿ ಇನ್ನೊಂದು ಹೇಳಿ ಬರುತ್ತಿದ್ದೆ. ಲೈಬ್ರರಿಯ ಗೋಡೆಯ ಮೇಲೆ, ಇಲ್ಲಿ ಸಿಗರೇಟು ಸೇದದೇ ಇರುವುದಕ್ಕೆ ಥ್ಯಾಂಕ್ಯೂ ಎಂದು ಬರೆದಿತ್ತು. ನಾನು ಹುಟ್ಟಿದಾಗಿನಿಂದ ಸಿಗರೇಟು ಸೇದಿಲ್ಲ. ಅದಕ್ಕೊಂದು ವಂದನೆ ಸಿಕ್ಕಿದ್ದು ನಲವತ್ತೆರಡನೆಯ ವಯಸ್ಸಿನಲ್ಲಿ, ಏಳು ಸಮುದ್ರ ದಾಟಿದ ಮೇಲೆ.

ಸಂಜೆ ನದಿಯ ದಂಡೆಯಲ್ಲಿ ಕೂರುತ್ತಿದ್ದೆ. ಬಿಳಿಯ ಹಂಸಗಳು ಮಂಜಿನಿಂದ ಬಿಡಿಸಿಕೊಂಡು ಬಂದು, ಒಂದಿಷ್ಟು ಹೊತ್ತು ಇದ್ದು, ಮತ್ತೆ ಮಂಜಿಗೇ ಹೋಗುತ್ತಿದ್ದವು. ನೀರು ಯಾವುದು, ಆಕಾಶ ಯಾವುದು ಗೊತ್ತಾಗುತ್ತಿರಲಿಲ್ಲ. ಕಣ್ಣು ಅರ್ಧ ಮುಚ್ಚಿದರೆ ಕಪಿಲೆ ಕಾವೇರಿ ಸೇರುವ ನಮ್ಮ ತಿರುಮಕೂಡಲಿನ ಮೆಟ್ಟಿಲ ಮೇಲೇ ಕೂತಿದ್ದೇನೆ ಎನಿಸುತ್ತಿತ್ತು. ಮುಂದೆ ಯಾರೋ ನಡೆದು ಹೋಗುತ್ತ ನನ್ನ ಕಾಲು ದಾರಿಗೆ ಅಡ್ಡವಾಗಿದ್ದರೂ ಥ್ಯಾಂಕ್ಯೂ ಎಂದು ಹೋಗುತ್ತಿದ್ದರು.

ಪಾಯಸದ ಗುರುವಾರಗಳು

ನಾನಿದ್ದದ್ದು ಒಂದು ಮನೆಯ ಮಹಡಿ ಕೋಣೆಯಲ್ಲಿ. ಕೆಳಗೆ ಮಾರ್ಗರೆಟ್ ಎಂಬ ಎಪ್ಪತ್ತರ ಹೆಂಗಸು ಒಬ್ಬಳೇ ಇದ್ದಳು. ಮೀನು ಡಬ್ಬಿಗೆ ತುಂಬುವ ಶೆಡ್ಡಿನಲ್ಲಿ ಮೂವತ್ತು ವರ್ಷ ದುಡಿದ ಗಟ್ಟಿ ಕೈಗಳ ಹೆಂಗಸು. ನನ್ನ ಹೆಸರು ಬಾಯಿಗೆ ಬಾರದೆ ನನ್ನನ್ನು "ನಾನ್" ಎಂದು ಕರೆಯುತ್ತಿದ್ದಳು. ನಾನು ದಿನವೂ ಬ್ರೆಡ್ಡು ಹಾಲಿನಲ್ಲೇ ಬದುಕುತ್ತಿದ್ದೇನೆಂದು ಅವಳಿಗೆ ಕಸದ ಡಬ್ಬ ನೋಡಿ ಗೊತ್ತಾಯಿತಂತೆ.

ಒಂದು ಗುರುವಾರ ಬಾಗಿಲು ತಟ್ಟಿ, ನೀಲಿ ಅಂಚಿನ ಬಿಳಿಯ ಬೋಗುಣಿಯೊಂದನ್ನು ಕೊಟ್ಟಳು. ಒಳಗೆ ಅನ್ನದ ಪಾಯಸ! ಹಾಲಿನಲ್ಲಿ ಅಕ್ಕಿ ಬೇಯಿಸಿ, ಓವನ್ ಎಂಬ ಒಲೆಯ ಗೂಡಿನೊಳಗಿಟ್ಟು, ಮೇಲೆ ಕಂದು ಬಣ್ಣದ ಕೆನೆ ಕಟ್ಟುವ ಹಾಗೆ ಮಾಡಿದ್ದು. ಮೇಲೆ ಒಂದು ಚಿಟಿಕೆ ಜಾಯಿಕಾಯಿ. ನಾನು ಥ್ಯಾಂಕ್ಯೂ ಎಂದು ಮೂರು ಸಲ ಹೇಳಿ ಬಾಗಿಲು ಹಾಕಿಕೊಂಡು, ನಿಂತೇ ತಿಂದೆ. ಕಣ್ಣಲ್ಲಿ ನೀರು ಬಂತು ಎಂದರೆ ನೀವು ನಗಬಾರದು.

ಬೋಗುಣಿ ತೊಳೆದೆ. ಈಗ ವಾಪಸ್ ಕೊಡಬೇಕು. ಆದರೆ ಹೇಗೆ ಕೊಡುವುದು? ಬೇರೆಯವರ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದು. ನಮ್ಮ ಕಡೆ ಇದನ್ನು ಯಾರೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಪಕ್ಕದ ಮನೆಯಿಂದ ಹುಳಿ ಬಂದರೆ ಆ ಬಟ್ಟಲು ಹಿಂದಕ್ಕೆ ಹೋಗುವಾಗ ಅದರಲ್ಲಿ ನಾಲ್ಕು ನಿಂಬೆಹಣ್ಣೋ ಹಿಡಿ ಅವರೆಕಾಯೋ ಇರುತ್ತದೆ. ಏನೂ ಇಲ್ಲದಿದ್ದರೆ ಒಂದು ಉಂಡೆ ಬೆಲ್ಲ, ಒಂದು ಹಿಡಿ ಸಕ್ಕರೆ. ನನ್ನ ಕೋಣೆಯಲ್ಲಿ ಇದ್ದದ್ದು ಟೀ ಪುಡಿಯ ಪೊಟ್ಟಣ ಮತ್ತು ಸಕ್ಕರೆ. ಒಂದು ಹಿಡಿ ಸಕ್ಕರೆ ಹಾಕಿ, ಮೇಲೆ ಕಾಗದ ಮುಚ್ಚಿ, ಅವಳ ಬಾಗಿಲ ಮುಂದೆ ಇಟ್ಟು ಬಂದೆ. ಊರಿನ ಮಾನ ಉಳಿಸಿದೆ ಎಂಬ ಸಮಾಧಾನ.

ಮುಂದಿನ ಗುರುವಾರ ಮತ್ತೆ ಪಾಯಸ ಬಂತು. ಈ ಸಲ ಸಿಹಿ ಸ್ವಲ್ಪ ಜಾಸ್ತಿ. ತಿಂದು, ತೊಳೆದು, ಸಕ್ಕರೆ ಹಾಕಿ ಇಟ್ಟೆ. ಮೂರನೆಯ ಗುರುವಾರದ ಪಾಯಸ ಬಾಯಿಗಿಟ್ಟರೆ ಹಲ್ಲು ಜುಮ್ಮೆಂದಿತು. ಆದರೂ ಕೊಟ್ಟವರ ಮನಸ್ಸು ನೋಯಿಸಬಾರದು ಎಂದು ನೀರು ಕುಡಿಯುತ್ತ ಕುಡಿಯುತ್ತ ಮುಗಿಸಿದೆ. ಒಳ್ಳೆಯ ಹೆಂಗಸು, ಪಾಪ ಎಂದುಕೊಂಡು ಈ ಸಲ ಎರಡು ಹಿಡಿ ಸಕ್ಕರೆ ಹಾಕಿದೆ.

ಹತ್ತೇ ನಿಮಿಷಕ್ಕೆ ಬಾಗಿಲು ಬಡಿದ ಸದ್ದು. ಮಾರ್ಗರೆಟ್ ಬೋಗುಣಿ ಹಿಡಿದು ನಿಂತಿದ್ದಳು, ಮುಖ ಕೆಂಪಾಗಿತ್ತು.

"ನೋಡು ನಾನ್, ಮನೆಯಲ್ಲಿದ್ದ ಸಕ್ಕರೆಯನ್ನೆಲ್ಲ ಸುರಿದಿದ್ದೇನೆ. ಇನ್ನೂ ಸಾಲದು ಅಂತ ಹೇಳ್ತಿದ್ದೀಯಲ್ಲ! ನಿಮ್ಮ ದೇಶದವರ ಹಲ್ಲು ಏನಾಗಿವೆ?"

ನನಗೆ ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು. ಆಮೇಲೆ ನಗು ತಡೆಯಲಾಗಲಿಲ್ಲ. ಮೆಟ್ಟಿಲ ಮೇಲೆ ಕೂತು, ಬರಿ ಪಾತ್ರೆ ಕಳಿಸಬಾರದೆಂಬ ನಮ್ಮ ರಿವಾಜನ್ನು ವಿವರಿಸಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ತಾನೂ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹಾಗಾದರೆ ನಿಮ್ಮಲ್ಲಿ ಥ್ಯಾಂಕ್ಯೂ ಅಂತ ಯಾರೂ ಹೇಳೋದೇ ಇಲ್ಲವಾ?"

"ಹೊರಗಿನವರಿಗೆ ಹೇಳ್ತೇವೆ. ಆಫೀಸಿನಲ್ಲಿ, ಸಭೆಯಲ್ಲಿ. ಮನೆಯವರಿಗೆ ಹೇಳೋದಿಲ್ಲ."

"ಅಮ್ಮನಿಗೆ?"

"ನನಗೆ ಅಮ್ಮ ಇಲ್ಲ. ಅಕ್ಕ ಇದ್ದಾಳೆ. ಅವಳಿಗೂ ಹೇಳಿಲ್ಲ."

ಅಕ್ಕನ ವಿಷಯವನ್ನು ಅವಳಿಗೆ ಆಗ ಹೇಳಿದೆ. ಹೈಸ್ಕೂಲು, ಪಿಯುಸಿ, ಒಟ್ಟು ಐದು ವರ್ಷ ನಾನು ನಂಜನಗೂಡಿನಲ್ಲಿ ಒಂದು ಸಣ್ಣ ರೂಮಿನಲ್ಲಿದ್ದೆ. ಕವಲಂದೆಯ ಮನೆಯಲ್ಲಿ ಅಕ್ಕನ ಅತ್ತೆ ಬಲು ಜೋರು. ಸೊಸೆಯ ತಮ್ಮನಿಗೆ ಅಲ್ಲಿ ಜಾಗವಿರಲಿಲ್ಲ. ಅಕ್ಕ ದಿನಾ ಬೆಳಕು ಹರಿಯುವ ಮುಂಚೆ, ಅತ್ತೆಯ ಕಣ್ಣು ತಪ್ಪಿಸಿ, ಮೂರು ಡಬ್ಬದ ಕ್ಯಾರಿಯರಿಗೆ ಊಟ ತುಂಬಿ ಮೊದಲ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದಳು. ಕೆಳಗಿನ ಡಬ್ಬದಲ್ಲಿ ಮುದ್ದೆ, ನಡುವಿನದರಲ್ಲಿ ಸಾರು, ಮೇಲೆ ಮಜ್ಜಿಗೆ ಅನ್ನ. ನಾನು ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಇಸಕೊಂಡು, ಸಾಯಂಕಾಲ ಅದೇ ಬಸ್ಸಿಗೆ ಖಾಲಿ ಕ್ಯಾರಿಯರ್ ಹಾಕುತ್ತಿದ್ದೆ. ಐದು ವರ್ಷ, ಬರಿ ಡಬ್ಬ. ಒಂದು ದಿನವೂ ಅದರಲ್ಲಿ ಒಂದು ಬಾಳೆಹಣ್ಣು ಇಟ್ಟು ಕಳಿಸಿದವನಲ್ಲ. ಕೊನೆಯ ಪರೀಕ್ಷೆಯ ದಿನ ಬಂದ ಕ್ಯಾರಿಯರನ್ನಂತೂ ಹಿಂದಕ್ಕೆ ಕಳಿಸುವುದನ್ನೇ ಮರೆತೆ. ಅದು ಇವತ್ತಿಗೂ ನರಸೀಪುರದ ನನ್ನ ಮನೆಯ ಅಟ್ಟದ ಮೇಲಿದೆ.

ಪರವೂರಿನ ಹೆಂಗಸಿಗೆ ಮೂರು ವಾರಕ್ಕೆ ನಾಲ್ಕು ಹಿಡಿ ಸಕ್ಕರೆ ಕೊಟ್ಟ ಮನುಷ್ಯ ತನ್ನ ಅಕ್ಕನಿಗೆ ಏನು ಕೊಟ್ಟ? ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು.

ಮಾರ್ಗರೆಟ್ ಕಿಟಕಿಯಾಚೆ ನೋಡುತ್ತಿದ್ದಳು. ಬೀದಿಯ ದೀಪ ಮಂಜಿನಲ್ಲಿ ಹಳದಿ ಹತ್ತಿಯ ಉಂಡೆಯಾಗಿತ್ತು.

"ನನ್ನ ಗಂಡ ನಲವತ್ತೊಂದು ವರ್ಷ ದಿನಾ ಬೆಳಿಗ್ಗೆ ಟೀ ತಂದು ಕೊಡ್ತಿದ್ದ," ಎಂದಳು. "ನಾನು ಥ್ಯಾಂಕ್ಯೂ ಅಂತಿದ್ದೆ. ಕೆಲವು ದಿನ ನಾವಿಬ್ಬರೂ ಆಡಿದ್ದು ಅದೊಂದೇ ಮಾತು."

"ಜಗಳ ಆಡಿದ ದಿನಾನೂ?"

"ಆ ದಿನ ಇನ್ನೂ ಗಟ್ಟಿಯಾಗಿ. ಅವನು ಹೋದ ಮಾರನೆಯ ಬೆಳಿಗ್ಗೆ ಟೀ ನಾನೇ ಮಾಡಿಕೊಂಡೆ. ಆ ಮಾತು ಬಾಯಿಗೆ ಬಂತು. ಯಾರಿಗೆ ಹೇಳಬೇಕು ಗೊತ್ತಾಗಲಿಲ್ಲ." ಮಡಿಲಿನ ಬೋಗುಣಿ ಎತ್ತಿಕೊಂಡು ಎದ್ದಳು. "ನಿನ್ನ ಅಕ್ಕ ಇದ್ದಾಳಲ್ಲ ನಾನ್. ಇರುವಾಗಲೇ ಹೇಳಿಬಿಡು."

ಕಾಗದ

ಅವತ್ತೇ ಕೂತು ಬರೆದೆ. ಕನ್ನಡದಲ್ಲಿ ಆ ಮಾತನ್ನು ಬರೆಯಲು ಹೋದರೆ ಪೆನ್ನು ತಡೆಯಿತು. ಕೊನೆಗೆ ಮೇಷ್ಟ್ರು ಬುದ್ಧಿ ಗೆದ್ದಿತು: "ಅಕ್ಕಾ, ನೀನು ನನಗಾಗಿ ಮಾಡಿದ ಎಲ್ಲ ಉಪಕಾರಕ್ಕೂ ನಾನು ಎಂದೂ ಕೃತಜ್ಞತೆ ಸಲ್ಲಿಸಲಿಲ್ಲ. ಈ ಮೂಲಕ ನಿನಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು." ಓದಿ ನೋಡಿದೆ. ಬಲು ಚೆಂದ ಅನ್ನಿಸಿತು. ಅಂಚೆ ಡಬ್ಬಿಗೆ ಹಾಕಿ ಬರುವಾಗ ಮೈ ಹಗುರವಾಗಿತ್ತು. ಸೇತುವೆಯ ಮೇಲೆ ನಡೆಯುತ್ತ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು.

ಭಾನುವಾರದ ಫೋನು

ಪ್ರತಿ ಭಾನುವಾರ ನಾನು ಒಂದು ಗಂಟೆಗೆ ಬೀದಿಯ ಕೊನೆಯ ಫೋನ್ ಗೂಡಿನಿಂದ ಕವಲಂದೆಯ ಎಸ್‌ಟಿಡಿ ಬೂತಿಗೆ ಫೋನ್ ಮಾಡುತ್ತಿದ್ದೆ. ಅಲ್ಲಿಗೆ ಆಗ ಸಂಜೆ. ಬೂತಿನ ಮಾದೇವ ನನ್ನ ಹಳೆಯ ಶಿಷ್ಯ. ಅಕ್ಕ ಮೊದಲೇ ಬಂದು ಅಲ್ಲಿ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ನಮ್ಮ ಮಾತು ಪ್ರತಿ ವಾರವೂ ಒಂದೇ.

"ಉಂಡ್ಯಾ ಮಗ?"

"ಉಂಡೆ ಅಕ್ಕ."

"ಏನುಂಡೆ? ದಿಟ ಏಳು." ಆಮೇಲೆ, "ಸರಿ ಮಡಗು, ಸುಮ್ಕೆ ದುಡ್ಡು ಓಯ್ತದೆ."

ಕಾಗದ ತಲುಪಿರಬೇಕಾದ ಭಾನುವಾರ ನಾನು ಹನ್ನೆರಡೂವರೆಗೇ ಹೋಗಿ ನಿಂತೆ. ಫೋನ್ ಎತ್ತಿದ್ದು ಮಾದೇವ.

"ಸಾ, ಅಕ್ಕಾರು ಬಂದಿಲ್ಲ ಸಾ."

"ಮೈ ಹುಷಾರಿಲ್ವಾ?"

"ಉಸಾರಾಗವ್ರೆ ಸಾ. ನಾನೇ ಓಗಿ ಕರ್ದೆ. ಬರಾಕಿಲ್ಲ ಅಂದ್ರು." ದನಿ ತಗ್ಗಿಸಿದ. "ನಿಮ್ ಕಾಗ್ದ ಬಂದಿತ್ತಲ್ಲ ಸಾ. ಅಕ್ಕಾರ್ಗೆ ಓದಾಕ್ ಬರಾಕಿಲ್ವಲ್ಲ, ಇಲ್ಲಿಗೇ ತಂದ್ರು. ನಾನು ಓದಿ ಏಳ್ದೆ. ಜನ ಇದ್ರು ಸಾ ನಾಕಾರು. ಕೇಳಿ ಅಂಗೇ ಕುಂತ್ಬುಟ್ರು. ಆಮೇಲೆ, 'ಏನ್ಲಾ ಮಾದೇವ, ನಂಜ ನಂಗೆ ವಂದನಾರ್ಪಣೆ ಮಾಡ್ಬುಟ್ನಾ? ಅಂಗಾರೆ ಮುಗೀತಾ?' ಅಂತ ಕೇಳುದ್ರು ಸಾ."

ಹೊರಗೆ ಮಂಜು ಗಾಜಿಗೆ ಹತ್ತಿ ಕೂತಿತ್ತು, ಗೂಡಿನೊಳಗೆ ನಾನೊಬ್ಬನೇ, ಸುತ್ತ ಲೋಕವೇ ಇಲ್ಲ. ನಮ್ಮಲ್ಲಿ ಗಣಪತಿ ಕೂರಿಸಿದರೂ ಶಾಲೆಯ ವಾರ್ಷಿಕೋತ್ಸವವಾದರೂ ವಂದನಾರ್ಪಣೆ ಯಾವಾಗ ಎಂದು ಎಲ್ಲರಿಗೂ ಗೊತ್ತು. ಎಲ್ಲ ಮುಗಿದ ಮೇಲೆ. ಒಬ್ಬ ಎದ್ದು ಮೈಕ್ ಹಿಡಿದು, ಪೆಂಡಾಲ್ ಹಾಕಿದವರಿಂದ ಹಿಡಿದು ನೀರು ಕೊಟ್ಟವರ ತನಕ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ ಹೇಳುತ್ತಾನೆ. ಅವನ ಮಾತು ಮುಗಿಯುವ ಮುಂಚೆಯೇ ಜನ ಎದ್ದು ಚಪ್ಪಲಿ ಹುಡುಕುತ್ತಾರೆ, ಹುಡುಗರು ಕುರ್ಚಿ ಮಡಚುತ್ತಾರೆ. ನನ್ನ ಅಕ್ಕನ ಮುಂದೆ ನಾನು ಕುರ್ಚಿ ಮಡಚಿಬಿಟ್ಟಿದ್ದೆ.

"ಇನ್ನೇನಾರು ಅಂದ್ಳಾ ಮಾದೇವ?"

"ನಾನೇನ್ ಹೊರಗ್ನೋಳಾ ಅಂದ್ರು ಸಾ. ಅಷ್ಟೇಯ."

ಮುಂದಿನ ಭಾನುವಾರವೂ ಅಕ್ಕ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಆ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಶಾಲೆಗೆ ಹೋದೆ, ಹಿಂದಿನ ಬೆಂಚಿನಲ್ಲಿ ಕೂತೆ, ಬಂದೆ. ಮಧ್ಯಾಹ್ನ ಮೂರೂವರೆಗೇ ಕತ್ತಲಾಗುತ್ತಿತ್ತು. ಬಸ್ಸಿಳಿಯುವಾಗ ಜನ ಥ್ಯಾಂಕ್ಯೂ ಅಂದರೆ ಮೈಯೆಲ್ಲ ಉರಿಯುತ್ತಿತ್ತು. ಮಾರ್ಗರೆಟ್ ಮೇಲೂ ಸಿಟ್ಟು ಬಂತು: ಇವಳ ಮಾತು ಕೇಳಿ ಕೆಟ್ಟೆ. ನದಿಯ ದಂಡೆಯಲ್ಲಿ ಕೂತರೆ, ಆಚೆ ದಡದ ಮಂಜಿನಲ್ಲಿ ಸೆರಗು ಹೊದ್ದ ಒಬ್ಬಳು ಕ್ಯಾರಿಯರ್ ಹಿಡಿದು ಬಸ್ಸಿಗೆ ಕಾಯುತ್ತಿರುವ ಹಾಗೆ ಕಾಣುತ್ತಿತ್ತು. ಹತ್ತಿರ ಹೋದರೆ ದೋಣಿ ಕಟ್ಟುವ ಗೂಟ.

ಅಡುಗೆ ಮನೆ

ಹೊರಡಲು ಒಂದು ವಾರವಿತ್ತು. ಮಾರ್ಗರೆಟ್ಟಿಗೆ ಎಲ್ಲವನ್ನೂ ಹೇಳಿದೆ, ಸ್ವಲ್ಪ ಬಿರುಸಾಗಿಯೇ. ಅವಳು ಬೇಜಾರಾದಳು, ಆದರೆ ವಾದ ಮಾಡಲಿಲ್ಲ.

"ನನ್ನ ಮಾತನ್ನು ನಿನ್ನ ಅಕ್ಕನ ಮನೆಗೆ ಕಳಿಸಿದ್ದು ತಪ್ಪಾಯಿತು," ಎಂದಳು. "ನಿಮ್ಮಲ್ಲಿ ಹೇಗೆ ಹೇಳ್ತಾರೋ ಹಾಗೆ ಹೇಳು. ಪಾತ್ರೆಯಲ್ಲಿ ಏನಾದರೂ ಹಾಕು."

"ನನಗೆ ಅಡುಗೆ ಬರೋದಿಲ್ಲ."

"ಅಕ್ಕಿ ಹಾಲು ಕಲಸೋಕೆ ಬರುತ್ತಲ್ಲ?"

ಅಲ್ಲಿಂದ ಐದು ಸಂಜೆ ನಾನು ಅವಳ ಅಡುಗೆ ಮನೆಯಲ್ಲಿ ನಿಂತೆ. ಮೊದಲ ದಿನ ಹಾಲು ಉಕ್ಕಿಸಿದೆ. ಎರಡನೆಯ ದಿನ ತಳ ಹಿಡಿಸಿದೆ. ಮೂರನೆಯ ದಿನ ಉಪ್ಪನ್ನು ಸಕ್ಕರೆಯೆಂದು ಹಾಕಿದೆ. ಅವಳು ಒಂದು ಚಮಚ ಬಾಯಿಗಿಟ್ಟು, ಮುಖ ಕಿವುಚಿ, ಅಭ್ಯಾಸಬಲದಿಂದ ಥ್ಯಾಂಕ್ಯೂ ಎಂದಳು. ಐದನೆಯ ದಿನದ ಪಾಯಸ ತಿನ್ನುವ ಹಾಗಿತ್ತು. ಉಗಿ ಕಟ್ಟಿದ ಕಿಟಕಿ, ಜಾಯಿಕಾಯಿಯ ಘಮ, ಎಲ್ಲೋ ದೂರದಲ್ಲಿ ಹಡಗಿನ ಮಂಕು ಕೂಗು. ಎರಡು ತಿಂಗಳಲ್ಲಿ ನಾನು ಇಂಗ್ಲೆಂಡಿಗೆ ನಿಜವಾಗಿ ಬಂದಿದ್ದೇನೆ ಅನ್ನಿಸಿದ್ದು ಆ ಐದು ಸಂಜೆಗಳಲ್ಲಿ.

ಹೊರಡುವ ದಿನ ಅವಳು ಆ ನೀಲಿ ಅಂಚಿನ ಬೋಗುಣಿಯನ್ನೇ ಕಾಗದ ಸುತ್ತಿ ಕೊಟ್ಟಳು. ಬಿಚ್ಚಿ ನೋಡಿದರೆ, ಒಳಗೆ ಒಂದು ಪುಟ್ಟ ಪೊಟ್ಟಣದಲ್ಲಿ ಒಂದು ಹಿಡಿ ಸಕ್ಕರೆ.

"ಬರಿದಾಗಿ ಕೊಡಬಾರದಲ್ಲ," ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಬಸ್ಸು ಮಂಜಿನೊಳಗೆ ನುಗ್ಗುವ ತನಕ ಅವಳು ಬಾಗಿಲಲ್ಲಿ ನಿಂತಿದ್ದಳು.

ಕವಲಂದೆ

ನರಸೀಪುರದ ಮನೆಗೆ ಬಂದವನು ಮೊದಲು ಅಟ್ಟ ಹತ್ತಿ ಕ್ಯಾರಿಯರ್ ಇಳಿಸಿದೆ. ಇಪ್ಪತ್ತನಾಲ್ಕು ವರ್ಷದ ಧೂಳು. ಹುಣಸೆಹಣ್ಣು ಹಾಕಿ ಉಜ್ಜಿದರೆ ಹಿತ್ತಾಳೆಯ ಮೇಲೆ ಅಕ್ಕನ ಹೆಸರಿನ ಅಕ್ಷರಗಳು ಕಂಡವು. ಅವಳ ಮದುವೆಯಲ್ಲಿ ಕೊಟ್ಟದ್ದು. ಅದನ್ನು ಕಳಕೊಂಡದ್ದಕ್ಕೆ ಅತ್ತೆಯಿಂದ ಎಷ್ಟು ಬೈಸಿಕೊಂಡಳೋ, ನನಗೆ ಒಂದು ಮಾತೂ ಹೇಳಿರಲಿಲ್ಲ.

ಸೀಮೆಎಣ್ಣೆ ಸ್ಟವ್ ಮೇಲೆ ಪಾಯಸ ಮಾಡಿದೆ. ಇಲ್ಲಿ ಒಲೆಗೂಡಿಲ್ಲ, ಮೇಲಿನ ಕೆನೆ ಬರಲಿಲ್ಲ. ತಳ ಮಾತ್ರ ಚೆನ್ನಾಗಿ ಹಿಡಿಯಿತು. ಮಾರ್ಗರೆಟ್ ಕೊಟ್ಟ ಸಕ್ಕರೆಯನ್ನೂ ಅದರಲ್ಲೇ ಸುರಿದೆ. ಮೂರು ಡಬ್ಬಕ್ಕೂ ಪಾಯಸವನ್ನೇ ತುಂಬಿ, ನಂಜನಗೂಡಿಗೆ ಹೋಗಿ, ಕವಲಂದೆಯ ಬಸ್ಸು ಹತ್ತಿದೆ. ಮಡಿಲಲ್ಲಿ ಬೆಚ್ಚಗಿನ ಕ್ಯಾರಿಯರ್. ಕಿಟಕಿಯಾಚೆ ಹಿಪ್ಪುನೇರಳೆ ತೋಟಗಳು, ಕೆಮ್ಮಣ್ಣಿನ ಬಿಸಿಲು. ಎರಡು ತಿಂಗಳ ಮಂಜು ಕಣ್ಣಲ್ಲಿ ಇನ್ನೂ ಉಳಿದಿತ್ತೇನೋ, ಎಲ್ಲವೂ ಯಾರೋ ಹೇಳಿದ ಕತೆಯ ಹಾಗೆ ಹಿಂದಕ್ಕೆ ಹೋಗುತ್ತಿತ್ತು.

ಅಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತಿ ನೋಡಿದಳು. ಎದ್ದು ಸೆರಗು ಸರಿಮಾಡಿಕೊಂಡಳು.

"ಬನ್ನಿ ಮೇಷ್ಟ್ರೆ. ಕುಂತ್ಕಳಿ. ನೀರ್ ತತ್ತೀನಿ."

ಬನ್ನಿ ಎಂದಳು. ನನ್ನ ಹೊಲಸು ಬಳಿದವಳು, ನನ್ನ ಹೇನು ಹೆಕ್ಕಿದವಳು ನನಗೆ ಬನ್ನಿ ಎಂದಳು. ಅದಕ್ಕಿಂತ ಕಪಾಳಕ್ಕೆ ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು. ಕ್ಯಾರಿಯರನ್ನು ಅವಳ ಮುಂದೆ ಇಟ್ಟೆ.

ಅವಳು ಅದನ್ನು ಹತ್ತಿರಕ್ಕೆ ಎಳೆದುಕೊಂಡಳು. ಹೆಸರಿನ ಮೇಲೆ ಬೆರಳಾಡಿಸಿದಳು. ಆಮೇಲೆ ಕೊಂಡಿ ಬಿಚ್ಚಿ ಮೇಲಿನ ಡಬ್ಬ ತೆರೆದಳು. ಎರಡನೆಯದು ತೆರೆದಳು. ಮೂರನೆಯದನ್ನೂ.

"ಮೂರ್ರಾಗೂ ಒಂದೇಯಾ! ಯಾರ್ ಮಾಡಿದ್ದು?"

"ನಾನೇ."

ಬೆರಳಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಇಟ್ಟುಕೊಂಡಳು. ಕಣ್ಣು ಮುಚ್ಚಿ ಚಪ್ಪರಿಸಿದಳು. ನಾನು ಪರೀಕ್ಷೆ ಬರೆದ ಹುಡುಗನ ಹಾಗೆ ನಿಂತಿದ್ದೆ.

"ಅಯ್ ನಿನ್ನ! ಸಕ್ರೆ ಸುರ್ದುಬುಟ್ಟಿದ್ದೀಯಲ್ಲೋ! ತಳಾನೂ ಇಡ್ಸಿದ್ದೀಯೆ. ಯಾವ್ ಬೇಕೂಫ ನಿಂಗೆ ಕಲ್ಸ್ದೋನು?"

ಸುರಿದುಬಿಟ್ಟಿದ್ದೀಯಲ್ಲೋ. ನನಗೆ ಬೇಕಾಗಿದ್ದು ಆ 'ಲ್ಲೋ'. ಜಗಲಿಯ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ನಲವತ್ತೆರಡು ವರ್ಷದ ಮೇಷ್ಟ್ರು, ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಅಕ್ಕ ಪಕ್ಕದಲ್ಲಿ ಕೂತು ಪಾಯಸ ತಿನ್ನುತ್ತಲೇ ಇದ್ದಳು, ಡಬ್ಬದಿಂದಲೇ, ಬೆರಳಲ್ಲಿ.

"ಐದು ವರ್ಷ ನಿಂಗೆ ಬರೀ ಡಬ್ಬ ಕಳುಸ್ದೆ ಅಕ್ಕ," ಎಂದೆ. "ಒಂದಿನಾನೂ ಒಂದು ಬಾಳೆಹಣ್ಣು ಇಟ್ಟು ಕಳಿಸ್ಲಿಲ್ಲ. ಅದನ್ನೇ ಕಾಗ್ದದಲ್ಲಿ ಹೇಳೋಕೆ ಹೋದೆ. ಬರೀಲಿಕ್ಕೆ ಬರಲಿಲ್ಲ."

ಅವಳ ಬೆರಳು ನಿಂತಿತು.

"ಬರೀ ಡಬ್ಬನಾ?" ಎಂದಳು. "ದಡ್ಡ ಮುಂಡೇದೆ, ಸಂಜೇಗೆ ಬಸ್ಸು ಬರೋ ಗಂಟ ನಂಗೆ ಜೀವ್ದಾಗೆ ಜೀವ ಇರ್ತಿರ್ಲಿಲ್ಲ. ಡಬ್ಬ ಇಸ್ಕಂಡು ಅಲ್ಲೇ ರಸ್ತೇಲಿ ಬಿಚ್ತಿದ್ದೆ. ಬರಿದಾಗಿದ್ರೆ ನನ್ ಮಗ ಉಂಡವ್ನೆ ಅಂತ ನಂಗೂ ಅನ್ನ ಇಳೀತಿತ್ತು. ಒಂದಿನ ಮುದ್ದೆ ಅಂಗೇ ವಾಪಸ್ ಬಂತು, ನಿಂಗೆ ಜರ. ಅವತ್ತು ನಾನೂ ಉಣ್ಲಿಲ್ಲ." ಸೆರಗಿನಲ್ಲಿ ನನ್ನ ಮುಖ ಒರೆಸಿದಳು, ಪಾಯಸದ ಕೈಯಲ್ಲೇ. "ಬಾಳೆಹಣ್ಣಂತೆ ಬಾಳೆಹಣ್ಣು. ಯಾವನಿಗ್ ಬೇಕಿತ್ತು ನಿನ್ ಬಾಳೆಹಣ್ಣು?"

ಅವಳು ಪಾಯಸ ಪೂರ್ತಿ ಬಳಿದಳು. ಆಮೇಲೆ ಕ್ಯಾರಿಯರ್ ತೊಳೆದು ಒಳಗೆ ಹೋದಳು. ನಾನು ಹೊರಡುವ ಹೊತ್ತಿಗೆ ಅದು ಮತ್ತೆ ಭಾರವಾಗಿತ್ತು. ಕೆಳಗೆ ಮುದ್ದೆ, ನಡುವೆ ಅವರೆಕಾಳಿನ ಸಾರು, ಮೇಲೆ ಮಜ್ಜಿಗೆ ಅನ್ನ.

"ಓಗ್ ಬಾ ಮಗ," ಎಂದಳು.

ನಂಜನಗೂಡು ಬಸ್ ಸ್ಟ್ಯಾಂಡು

ನರಸೀಪುರದ ಮನೆಯಲ್ಲಿ ಒಬ್ಬನೇ ಕೂತು ಉಂಡೆ. ಒಂದು ಅಗುಳೂ ಬಿಡಲಿಲ್ಲ. ಹಿಡಿಸದಷ್ಟಿತ್ತು, ಆದರೂ ಬಿಡಲಿಲ್ಲ.

ಮಾರನೆಯ ದಿನ ಶಾಲೆ ಮುಗಿಸಿ ನಂಜನಗೂಡಿಗೆ ಹೋದೆ. ಸಂಜೆಯ ಕವಲಂದೆ ಬಸ್ಸು ಹೊರಡಲು ನಿಂತಿತ್ತು. ಕಂಡಕ್ಟರ್ ಹೊಸಬ, ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಕವಲಂದೆ ಸ್ಟಾಪಿನಲ್ಲಿ ಚಿಕ್ಕತಾಯಮ್ಮ ಅಂತ ನಿಂತಿರ್ತಾರೆ, ಅವರ ಕೈಗೇ ಕೊಡು ಎಂದು ಕ್ಯಾರಿಯರ್ ಮುಂದೆ ಹಿಡಿದೆ. ಅವನು ಕೈಯಲ್ಲಿ ತೂಗಿ ನೋಡಿ, ಅಲ್ಲಾಡಿಸಿದ.

"ಏನೂ ಇಲ್ವಲ್ಲ ಸಾ? ಬರೀ ಡಬ್ಬ ಕಣ್ರೀ ಇದು!"

"ಹೂಂ ಕಣಪ್ಪ, ಬರೀ ಡಬ್ಬ. ಜ್ವಾಪಾನವಾಗಿ ಮುಟ್ಟಿಸು, ಕಾಯ್ತಿರ್ತಾಳೆ."